ಗೇಟಿನ ಬೀಗಕ್ಕೆ ಬೇಕಾದ ತಂತಿ

ಮನೆಗೆ ವಿಡಿಯೊ ಇಂಟರ್‌ಕಾಮ್ ಅಳವಡಿಸಿದ ದಿನ ಚಿತ್ರವೂ ಧ್ವನಿಯೂ ಸ್ಪಷ್ಟವಾಗಿಯೇ ಬಂದವು. ಆದರೆ ಗೇಟು ತೆರೆಯುವ ಗುಂಡಿ ಒತ್ತಿದೊಡನೆ ಪರದೆ ಕಪ್ಪಾಯಿತು, ಬೀಗ ಕಟಕ್ಕೆಂದಿತೇ ಹೊರತು ತೆರೆದುಕೊಳ್ಳಲಿಲ್ಲ. ಅಳವಡಿಸಲು ಬಂದವರು ಬೀಗವೇ ಕೆಟ್ಟಿದೆ ಎಂದರು. ಅದನ್ನು ಒಳಗೆ ತಂದು ಅಡಾಪ್ಟರಿಗೆ ನೇರವಾಗಿ ಜೋಡಿಸಿದಾಗ ಚುರುಕಾಗಿ ಕೆಲಸ ಮಾಡಿದ್ದರಿಂದ ನನ್ನ ಅನುಮಾನ ತಂತಿಯ ಕಡೆಗೆ ತಿರುಗಿತು.

ಮನೆಯೊಳಗೆ 12 ವೋಲ್ಟ್ ಇದ್ದ ವಿದ್ಯುತ್ತು ಗೇಟಿನ ಬಳಿ 11ರ ಆಸುಪಾಸಿನಲ್ಲಿತ್ತು. ಗುಂಡಿ ಒತ್ತಿದಾಗ ಮಲ್ಟಿಮೀಟರಿನ ಅಂಕಿ 8ಕ್ಕೆ ಕುಸಿಯಿತು. ಎಳೆದಿದ್ದದ್ದು ಕ್ಯಾಟ್ 5ಇ ಕೇಬಲ್, ಅಂದರೆ ಕಂಪ್ಯೂಟರ್ ಜಾಲಕ್ಕೆ ಬಳಸುವ, ಎರಡೆರಡು ಎಳೆಗಳನ್ನು ತಿರುಚಿದ ನಾಲ್ಕು ಜೋಡಿಗಳ ಕೇಬಲ್. ಅದರ ಒಂದೊಂದು ಎಳೆಯೂ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಗೇಟಿಗೆ 35 ಮೀಟರ್ ದೂರವೆಂದರೆ, ಹೋಗಿ ಬರುವ 70 ಮೀಟರ್ ತಂತಿಗೆ ಸುಮಾರು 6 ಓಮ್ ರೋಧವಿರುತ್ತದೆ; ಬೀಗವೊಂದೇ ಅರ್ಧ ಆಂಪಿಯರ್ ಎಳೆದರೂ ದಾರಿಯಲ್ಲೇ 3 ವೋಲ್ಟ್ ಕರಗಿಹೋಗುತ್ತದೆ. ಹೊರಗಿನ ಕ್ಯಾಮೆರಾ ಘಟಕಕ್ಕೂ ಅದೇ ಜೋಡಿಯಿಂದ ವಿದ್ಯುತ್ತು ಹೋಗುತ್ತಿದ್ದುದರಿಂದ ಪರದೆ ಕಪ್ಪಾಗುತ್ತಿತ್ತು.

ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಒಳಗೂ ಕೆಂಪಾಗಿಯೇ ಇತ್ತು. ಬೆಳ್ಳಗೆ ಕಂಡಿದ್ದರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಎಂದರ್ಥ, ಅದರ ರೋಧ ಇನ್ನೂ ಹೆಚ್ಚು. ಅಗ್ಗಕ್ಕೆ ಸಿಗುವ ಕೇಬಲ್ ಸುರುಳಿಗಳಲ್ಲಿ ಈ ಪರೀಕ್ಷೆ ಮಾಡದೆ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಬಲನ್ನು ಕಿತ್ತೆಸೆಯುವ ಅಗತ್ಯ ಬೀಳಲಿಲ್ಲ. ಚಿತ್ರಕ್ಕೆ ಒಂದು ಜೋಡಿ, ಧ್ವನಿಗೆ ಇನ್ನೊಂದು, ಕ್ಯಾಮೆರಾದ ವಿದ್ಯುತ್ತಿಗೆ ಮತ್ತೊಂದು ಎಂದು ವಿಂಗಡಿಸಿದೆ. ಒಂದು ಸಂಕೇತದ ಎರಡೂ ಎಳೆಗಳು ಪರಸ್ಪರ ತಿರುಚಿಕೊಂಡ ಜೋಡಿಯಲ್ಲೇ ಇರಬೇಕು, ಬೇರೆ ಬೇರೆ ಜೋಡಿಗಳಿಂದ ಆರಿಸಿಕೊಂಡರೆ ತಿರುಚುವಿಕೆಯಿಂದ ಸಿಗುವ ರಕ್ಷಣೆಯೇ ಇಲ್ಲವಾಗಿ ಗುಂಯ್ ಎಂಬ ಸದ್ದು ಸೇರಿಕೊಳ್ಳುತ್ತದೆ. ಬೀಗಕ್ಕೆ ಮಾತ್ರ 1 ಚದರ ಮಿಲಿಮೀಟರಿನ ಎರಡೆಳೆಯ ತಾಮ್ರದ ತಂತಿಯನ್ನು ಅದೇ ಪೈಪಿನಲ್ಲಿ ಎಳೆಸಿ, ಪ್ರತ್ಯೇಕ ಅಡಾಪ್ಟರ್ ಕೊಟ್ಟೆ. ಈಗ ದಾರಿಯಲ್ಲಿ ಕಳೆದುಹೋಗುವುದು ಮುಕ್ಕಾಲು ವೋಲ್ಟಿಗಿಂತ ಕಡಿಮೆ. ಮನೆಯ ಮುಖ್ಯ ವಿದ್ಯುತ್ ತಂತಿಗಳಿರುವ ಪೈಪನ್ನು ಈ ಕೆಲಸಕ್ಕೆ ಮುಟ್ಟಲೇ ಇಲ್ಲ; ಅದು ಸದ್ದಿನ ಪ್ರಶ್ನೆಗಿಂತ ಮೊದಲು ಸುರಕ್ಷತೆಯ ಪ್ರಶ್ನೆ.

ಬೀಗದ ರಿಲೇಯನ್ನು, ಅಂದರೆ ಗುಂಡಿ ಒತ್ತಿದಾಗ ಬೀಗಕ್ಕೆ ವಿದ್ಯುತ್ತು ಹರಿಸುವ ಸ್ವಿಚ್ಚನ್ನು, ಮನೆಯೊಳಗೇ ಇರಿಸಿದೆ. ಅದು ಗೇಟಿನ ಘಟಕದಲ್ಲಿದ್ದರೆ, ಘಟಕವನ್ನು ಗೋಡೆಯಿಂದ ಕಿತ್ತು ಎರಡು ತಂತಿ ತಾಗಿಸಿದವನಿಗೆ ಬಾಗಿಲು ತೆರೆದಂತೆಯೇ. ಬೀಗದೊಳಗಿನ ತಂತಿಯ ಸುರುಳಿಗೆ ಅಡ್ಡಲಾಗಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡನ್ನೂ ಕೂಡಿಸಿದೆ, ವಿದ್ಯುತ್ತು ಕಡಿದಾಗ ಸುರುಳಿಯಿಂದ ಏಳುವ ವೋಲ್ಟೇಜು ರಿಲೇಯ ಸಂಪರ್ಕಗಳನ್ನು ಸುಡಬಾರದಲ್ಲ.