ಅಲರ್ಜಿ ಇಲ್ಲ ಅಂತ ಹಸಿರು ಬಣ್ಣದಲ್ಲಿ

ನಮ್ಮ ಡಾಕ್ಟ್ರ ಕ್ಲಿನಿಕ್ಕು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಭಾನುವಾರ ರಜೆ. ಆ ಭಾನುವಾರ ಮಾತ್ರ ಒಳಗೆ ನಾವು ಮೂವರಿದ್ದೆವು. ಡಾಕ್ಟ್ರು, ಕಂಪೌಂಡರ್ ಅಣ್ಣ, ಮತ್ತೆ ನಾನು. ಹೊರಗೆ ಆಟಿ ತಿಂಗಳ ಮಳೆ. ಹಳೇ ಸಾಫ್ಟ್‌ವೇರಿನಲ್ಲಿದ್ದ ರೋಗಿಗಳ ದಾಖಲೆಯನ್ನು ಹೊಸದಕ್ಕೆ ಹಾಕುವ ಕೆಲಸ. ನಾನು ಕಂಪ್ಯೂಟರಿನವನು, ಆಸ್ಪತ್ರೆಯ ಗಂಧಗಾಳಿ ಇಲ್ಲ. ಆದರೆ ಚಿಕ್ಕಂದಿನಲ್ಲಿ ಇಂಜೆಕ್ಷನ್ ಚುಚ್ಚಿದವರು ಕರೆದರೆ ಆಗುವುದಿಲ್ಲ ಅನ್ನಲು ಬಾಯಿ ಬರುತ್ತದಾ?

"ಎಂತ ಉಂಟು ಮಾರಾಯ, ಅಲ್ಲಿಂದ ಕಾಪಿ ಮಾಡಿ ಇಲ್ಲಿ ಹಾಕಿದರಾಯಿತು ಅಲ್ವಾ" ಅಂದರು ಡಾಕ್ಟ್ರು. ನಾನೂ ಮಧ್ಯಾಹ್ನದ ಊಟ ಮನೆಯಲ್ಲೇ ಅಂತ ಹೇಳಿ ಬಂದಿದ್ದೆ.

ಹಳೇ ಕಂಪನಿಯವರು ದಾಖಲೆ ಕೊಡುವುದಕ್ಕೇ ಎರಡು ತಿಂಗಳು ಸತಾಯಿಸಿದ್ದರು. ಮೊದಲು ಪಿಡಿಎಫ್ ಕಳಿಸಿದರು, ಒಬ್ಬೊಬ್ಬರಿಗೆ ಒಂದೊಂದು. ಓದಬಹುದು ಅಷ್ಟೇ, ಇನ್ನೊಂದು ಕಡೆ ತುಂಬಿಸಲು ಬರುವುದಿಲ್ಲ. ಬಾಕಿ ಬಿಲ್ಲೆಲ್ಲ ಕಟ್ಟಿದ ಮೇಲೆ ಸಿಎಸ್‌ವಿ ಫೈಲು ಬಂತು, ಒಬ್ಬೊಬ್ಬರಿಗೆ ಒಂದೊಂದು ಸಾಲು, ಇನ್ನೊಂದು ಕಡೆ ತುಂಬಿಸಲು ಬರುವಂಥದ್ದು. ಬಿಟ್ಟು ಹೋಗುವ ಗಿರಾಕಿಯ ಗಂಟು ಹೊರಿಸಿ ಕಳಿಸಲು ಯಾರಿಗೆ ಮನಸ್ಸಿರುತ್ತದೆ, ಬಿಡಿ.

ಮೊದಲ ಸಲ ಹಾಕಿದಾಗಲೇ ನೂರಾರು ಸಾಲು ತಿರಸ್ಕಾರವಾದವು. ನೋಡಿದರೆ ತಾರೀಕು. ಹೊಸದು ತಿಂಗಳನ್ನು ಮೊದಲು ಓದುತ್ತಿತ್ತು, ನಮ್ಮದು ದಿನ ಮೊದಲು. 25/03 ಬಂದಾಗ 25ನೇ ತಿಂಗಳು ಎಲ್ಲಿದೆ ಅಂತ ಗಲಾಟೆ ಮಾಡಿತು. ಗಲಾಟೆ ಮಾಡಿದ್ದು ಒಳ್ಳೆಯದೇ ಆಯಿತು. 04/05 ಬಂದಾಗ ಮಾತ್ರ ಸುಮ್ನೆ ನುಂಗಿಕೊಂಡಿತ್ತು. ಮೇ 4ರಂದು ಜ್ವರ ಬಂದವರಿಗೆ ಏಪ್ರಿಲ್ 5ಕ್ಕೇ ಬಂದಿತ್ತು.

ಆಮೇಲೆ ಪ್ರಾಯ. ಹಳೆಯದರಲ್ಲಿ ಮೊದಲ ಸಲ ಬಂದಾಗ ಕೇಳಿದ ಪ್ರಾಯ ಮಾತ್ರ ಇತ್ತು. ಹೊಸದಕ್ಕೆ ಹುಟ್ಟಿದ ದಿನವೇ ಬೇಕು. ಲೆಕ್ಕ ಹಾಕಿ ವರ್ಷ ಹಿಡಿದೆ, ದಿನ ಎಲ್ಲಿಂದ ತರಲಿ? ಹಾಗಾಗಿ ನಮ್ಮ ಊರಿನ ಅರ್ಧ ಜನ ಈಗ ಜನವರಿ ಒಂದಕ್ಕೇ ಹುಟ್ಟಿದವರು.

ಗಲ್ಫಿನಿಂದ ರಜೆಯಲ್ಲಿ ಬಂದವರ ಶುಗರ್ ಇನ್ನೊಂದು ತಮಾಷೆ. ಒಬ್ಬರಿಗೆ 9 ಅಂತ ಇತ್ತು. ಇಲ್ಲಿನ ಮಿಲಿಗ್ರಾಂ ಲೆಕ್ಕದಲ್ಲಿ ಶುಗರ್ 9 ಇದ್ದರೆ ಆ ಮನುಷ್ಯ ನಡೆದು ಬರುವ ಮಾತೇ ಇಲ್ಲ. "ಅದು ಅಲ್ಲಿನ ಲ್ಯಾಬಿನದ್ದು, ಮಿಲಿಮೋಲ್. 18ರಿಂದ ಗುಣಿಸು, 162 ಆಗ್ತದೆ" ಅಂದರು ಡಾಕ್ಟ್ರು. ಫೈಲಿನಲ್ಲಿ ಬರೀ ಅಂಕಿ ಇತ್ತು, ಅಳತೆ ಯಾವುದು ಅಂತ ಇರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರ್ ನಂಬಿ ಕೂತೆವು. ಕಂಪೌಂಡರ್ ಅಣ್ಣ ಹತ್ತಿರದ ಹೋಟೆಲಿನಿಂದ ಗೋಳಿಬಜೆ ತಂದರು. ಊಟದ ಆಸೆ ನಾನು ಆಗಲೇ ಬಿಟ್ಟಿದ್ದೆ.

"ಇದಕ್ಕೆಲ್ಲ ಒಂದು ಕ್ರಮ ಅಂತ ಇಲ್ವಾ?" ಅಂತ ಕೇಳಿದರು ಡಾಕ್ಟ್ರು.

ಇದೆ. ಅಮೆರಿಕದಲ್ಲಿ 1987ರಲ್ಲೇ ಎಚ್‌ಎಲ್7 ಅಂತ ಒಂದು ಸಂಸ್ಥೆ ಇದಕ್ಕಾಗಿಯೇ ಹುಟ್ಟಿದೆ. ಈಗ ಅವರ ಫೈರ್ ಎಂಬ ಮಾದರಿ ಹಲವು ಕಡೆ ನಡೆಯುತ್ತಿದೆ. ("ಫೈರ್? ಬೆಂಕಿಯಾ?" ಅಂದರು ಅಣ್ಣ.) ಅದರಲ್ಲಿ ತಾರೀಕು ಬರೆದರೆ ವರ್ಷ ಮೊದಲು, ಗೊಂದಲ ಇಲ್ಲ. ಶುಗರ್ ಬರೆದರೆ ಅಂಕಿಯ ಬೆನ್ನಿಗೇ ಅಳತೆಗೂ ಜಾಗ, ಯಾವ ಪರೀಕ್ಷೆ ಅನ್ನುವುದಕ್ಕೂ ಒಂದು ಸಂಕೇತ. ಇಂಗ್ಲೆಂಡಿನಲ್ಲಿ ರೋಗಿ ಡಾಕ್ಟ್ರನ್ನು ಬದಲಿಸಿದರೆ ದಾಖಲೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುತ್ತದೆ, ಜಿಪಿ2ಜಿಪಿ ಅಂತ ವ್ಯವಸ್ಥೆ. ನಮ್ಮಲ್ಲೂ ಸರ್ಕಾರ ಇಂಥ ದಾಖಲೆಗೆ 2013ರಲ್ಲಿ ಮಾನದಂಡ ಮಾಡಿ 2016ರಲ್ಲಿ ತಿದ್ದಿದೆ. 2021ರ ಸೆಪ್ಟೆಂಬರಿನಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, ಆಭಾ ಎಂಬ ಆರೋಗ್ಯ ಖಾತೆಯ 14 ಅಂಕಿಯ ನಂಬರು ಎಲ್ಲ ಇದೇ ದಾರಿಯದ್ದು. ನಮ್ಮೆದುರಿಗಿದ್ದ ಎರಡು ಸಾಫ್ಟ್‌ವೇರಿಗೂ ಈ ದಾರಿ ಗೊತ್ತಿರಲಿಲ್ಲ ಅನ್ನುವುದೇ ಕಷ್ಟ.

ಡಾಕ್ಟ್ರಿಗೆ ಏನೋ ನೆನಪಾಯಿತು. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನಲ್ಲಿ ಮದ್ದು ಮಾಡಿಸುತ್ತಿದ್ದವರೆಲ್ಲ ಇವರ ಬಾಗಿಲಿಗೆ ಬಂದಿದ್ದರಂತೆ. "ಫೈಲು ಆಚೆ, ರೋಗಿ ಈಚೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮುಗಿದ ಗುಳಿಗೆಯ ಸ್ಟ್ರಿಪ್ ಹಿಡ್ಕೊಂಡು ಬರ್ತಿದ್ದರು. ಅದರ ಹಿಂದಿನ ಹೆಸರು ಓದಿ ಕಾಯಿಲೆ ಏನಂತ ನಾನು ಅಂದಾಜು ಮಾಡಬೇಕು."

ಕರೆಂಟು ಬಂತು. ತಾರೀಕು ಸರಿ ಮಾಡಿ ಮತ್ತೆ ಹಾಕಿದೆ. ಈ ಸಲ ಒಂದೂ ತಕರಾರಿಲ್ಲ. ಪರೀಕ್ಷೆಗೆ ಅಂತ ಹತ್ತಿರದ ಮನೆಯ ಒಬ್ಬರು ಅಕ್ಕನ ದಾಖಲೆ ತೆರೆದೆವು. ಎಲ್ಲ ಚೆಂದವಾಗಿತ್ತು. ಮೇಲೆ ಹಸಿರು ಬಣ್ಣದಲ್ಲಿ, ಅಲರ್ಜಿ ಇಲ್ಲ ಅಂತ.

ಕಂಪೌಂಡರ್ ಅಣ್ಣ ಗೋಳಿಬಜೆ ಕೆಳಗಿಟ್ಟರು. "ಈ ಅಕ್ಕನಿಗೆ ಸಲ್ಫಾ ಮದ್ದು ಆಗುವುದಿಲ್ಲ. ಮೈಯೆಲ್ಲ ದದ್ದು ಎದ್ದು ರಾತ್ರಿ ರಿಕ್ಷಾದಲ್ಲಿ ಕರ್ಕೊಂಡು ಬಂದಿದ್ದರು. ನಾನೇ ಟೈಪ್ ಮಾಡಿದ್ದೇನೆ."

ಟೈಪ್ ಮಾಡಿದ್ದು ನಿಜ. ಹಳೆಯದರಲ್ಲಿ ಅಲರ್ಜಿಗೆ ಬೇರೆ ಜಾಗವೇ ಇರಲಿಲ್ಲ. ಅಣ್ಣ ಅದನ್ನು ಕೊನೆಯ 'ಷರಾ' ಕಾಲಮಿನಲ್ಲಿ ಬರೆದಿದ್ದರು. ಅದೂ ಕನ್ನಡದಲ್ಲಿ, ಹಳೇ ನುಡಿ ಫಾಂಟಿನಲ್ಲಿ. ಆ ಫಾಂಟು ಹೊಸದರಲ್ಲಿ ಇಲ್ಲ. ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಅದಲ್ಲದ ಅಕ್ಷರ ಹಾಗೇ, ಫಾಂಟು ತೆಗೆದರೆ ಬಟ್ಟೆ ಬಿಚ್ಚಿದ ಹಾಗೆ. 'ಕನ್ನಡ' ಅನ್ನುವ ಪದವೇ ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡಿನ ಗುರುತು ಅಂತ ಸಾಲಾಗಿ ನಿಲ್ಲುತ್ತದೆ. ಬೆಳಗ್ಗೆಯಿಂದ ಆ ಕಾಲಮನ್ನು ಕಸ ಅಂದುಕೊಂಡು ನಾನೇ ಬಿಟ್ಟಿದ್ದೆ. ಅಲರ್ಜಿಯ ಜಾಗ ಖಾಲಿ ಹೋಯಿತು. ಖಾಲಿ ಇದ್ದರೆ 'ಇಲ್ಲ' ಅಂತ ತೋರಿಸುವುದು ಹೊಸ ಸಾಫ್ಟ್‌ವೇರಿನ ಕ್ರಮ.

ಕೇಳಿಲ್ಲ ಅನ್ನುವುದೂ ಇಲ್ಲ ಅನ್ನುವುದೂ ಒಂದೇನಾ? ಫೈರ್ ಮಾದರಿಯಲ್ಲಿ 'ಗೊತ್ತಿರುವ ಅಲರ್ಜಿ ಇಲ್ಲ' ಅನ್ನುವುದನ್ನು ಬೇರೆಯಾಗಿಯೇ ಬರೆದಿಡಬಹುದು, ಖಾಲಿಯನ್ನು ಖಾಲಿಯಾಗಿಯೇ ಬಿಡಬಹುದು. ಅದನ್ನು ಮೊದಲು ಓದಿದಾಗ, ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಪುರಾಣವಾ ಅಂತ ನಕ್ಕಿದ್ದೆ. ಆ ಹಸಿರು ಅಕ್ಷರ ನೋಡುತ್ತಾ ಕೈ ತಣ್ಣಗಾಯಿತು. ನಾಳೆ ಬೇರೆ ಡಾಕ್ಟ್ರು ಆ ಕುರ್ಚಿಯಲ್ಲಿ ಕೂತಿದ್ದರೆ?

ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪ್ರೋಗ್ರಾಮು ಸಿಗುತ್ತದೆ. ಇಡೀ ಕಾಲಮನ್ನು ಅದಕ್ಕೆ ಹಾಕಿದೆ. ಪೌಂಡು ಗಿಂಡು ಎಲ್ಲ ಹೋಗಿ ಅಣ್ಣನ ಕನ್ನಡ ಎದ್ದು ಬಂತು. 'ಪೆನ್ಸಿಲಿನ್ ಆಗುವುದಿಲ್ಲ.' 'ಕಿವಿ ಮಂದ, ಜೋರು ಹೇಳಬೇಕು.' 'ಬಿಪಿ ಮದ್ದು ಬಿಟ್ಟು ಬಿಡ್ತಾರೆ, ಮಗನಿಗೆ ಹೇಳಿ.' 'ಮಲಯಾಳದಲ್ಲಿ ಮಾತಾಡಿ.' ರಾತ್ರಿ ಒಂಬತ್ತರವರೆಗೆ ಡಾಕ್ಟ್ರು ಒಂದೊಂದೇ ಓದಿ ಹೇಳಿದರು, ನಾನು ಅಲರ್ಜಿಯನ್ನೆಲ್ಲ ಅದರ ಜಾಗಕ್ಕೆ ಹಾಕಿದೆ. ಉಳಿದವರಿಗೆ 'ಕೇಳಿಲ್ಲ' ಅಂತ ಬರೆದೆ.

ಒಂದು ಕಡೆ ಮಾತ್ರ ಮೂವರೂ ನಿಂತೆವು. 'ಕೆಂಪು ಗುಳಿಗೆ ಆಗುವುದಿಲ್ಲ.'

"ಯಾವ ಕೆಂಪು ಗುಳಿಗೆ ಮಾರಾಯ?" ಅಂದರು ಡಾಕ್ಟ್ರು.

ಅಣ್ಣ ತಲೆ ಕೆರೆದುಕೊಂಡರು. "ಅವರು ಹಾಗೇ ಹೇಳಿದ್ದು. ಬಂದಾಗ ಕೇಳುವಾ."

ಅದನ್ನು ಹಾಗೇ ಹಾಕಿದೆ.