ಗುಮ್ಮಟದ ಭಾರ ಹೋಗುವ ದಾರಿ: ನನ್ನ ರೇಖಾಚಿತ್ರಗಳ ಕೆಲಸ ಎಲ್ಲಿಗೆ ಬಂತು

ವಿಜಯಪುರದ ಆದಿಲ್‌ಶಾಹಿ ಕಟ್ಟಡಗಳನ್ನು ಪೆನ್ಸಿಲ್, ಸ್ಕೇಲ್ ಮತ್ತು ಕೈವಾರದಿಂದಲೇ ಅಳತೆಗೆ ತಕ್ಕಂತೆ ಬಿಡಿಸಬೇಕೆಂಬ ಕೆಲಸವನ್ನು ಕಳೆದ ಮಳೆಗಾಲದಲ್ಲಿ ಕೈಗೆತ್ತಿಕೊಂಡೆ. ನಾನು ಸಿವಿಲ್ ಇಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ಕಾಲೇಜಿನಲ್ಲಿ ನಕ್ಷೆಯೆಂದರೆ ಈಗ ಕಂಪ್ಯೂಟರಿನ ಪರದೆಯೇ. ಮೊದಲ ವರ್ಷಕ್ಕೆಂದು ಕೊಂಡಿದ್ದ, ಕೈಯಿಂದ ನಕ್ಷೆ ಎಳೆಯುವ ಉಪಕರಣವಾದ ಡ್ರಾಫ್ಟರು ಅಟ್ಟ ಸೇರಿ ಬಹಳ ಕಾಲವಾಗಿತ್ತು. ಚಿಕ್ಕಂದಿನಿಂದ ಚಿತ್ರ ಬಿಡಿಸುತ್ತ ಬಂದವಳಾದ್ದರಿಂದ ‘ಈಕಿ ತಪ್ಪಿ ಇಂಜಿನಿಯರಿಂಗಿಗೆ ಹೋದ್ಲು, ಚಿತ್ರಕಲಾ ಶಾಲೆಗೆ ಹೋಗಬೇಕಿತ್ತು’ ಎಂಬ ಮಾತು ನಮ್ಮ ಮನೆಯಲ್ಲಿ ಹಬ್ಬಹುಣ್ಣಿಮೆಗೊಮ್ಮೆ ಬರುತ್ತಲೇ ಇರುತ್ತದೆ, ಮತ್ತು ಅದನ್ನು ನಾನೂ ಅರ್ಧ ನಂಬಿದ್ದೆ. ಆ ಮಾತು ಎಷ್ಟು ನಿಜ ಎಂದು ನೋಡಿಕೊಳ್ಳುವುದು, ಯಾರಿಗೂ ಹೇಳದಿದ್ದರೂ, ಈ ಕೆಲಸದ ಹಿಂದಿದ್ದ ಇನ್ನೊಂದು ಉದ್ದೇಶ.

ಮೊದಲು ಆರಿಸಿಕೊಂಡದ್ದು ಗೋಳಗುಮ್ಮಟವನ್ನು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಸಮಾಧಿ ಇದು. ಹೊರಗಿನ ನೋಟವನ್ನು, ಅಂದರೆ ನಾಲ್ಕು ಮೂಲೆಗಳ ಏಳಂತಸ್ತಿನ ಎಂಟುಮೂಲೆಯ ಗೋಪುರಗಳನ್ನೂ ಗುಮ್ಮಟದ ಬುಡದ ಕಮಲದ ಎಸಳುಗಳನ್ನೂ, ಬೇಗನೆ ಬಿಡಿಸಿ ಮುಗಿಸಿದೆ. ನೋಡಿದವರೆಲ್ಲ ಮೆಚ್ಚಿದರು. ನನಗೆ ಮಾತ್ರ ಆ ಹಾಳೆಯನ್ನು ಎರಡನೆಯ ಬಾರಿ ತೆರೆದು ನೋಡಬೇಕೆನಿಸಲಿಲ್ಲ.

ಹಸಿವು ನೀರಡಿಕೆ ಮರೆತದ್ದು ಒಳಗಿನ ತಲವಿನ್ಯಾಸಕ್ಕೆ, ಅಂದರೆ ಮೇಲಿನಿಂದ ನೋಡಿದಂತೆ ಬಿಡಿಸುವ ನಕ್ಷೆಗೆ, ಕೈಹಚ್ಚಿದ ಮೇಲೆ. ಒಳಗಿನ ಚೌಕ ಸಭಾಂಗಣದ ಒಂದೊಂದು ಬದಿ ಸುಮಾರು 41 ಮೀಟರ್. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಹೊರವ್ಯಾಸ 44. ಇನ್ನೂರಕ್ಕೆ ಒಂದರ ಪ್ರಮಾಣದಲ್ಲಿ ಚೌಕವು ಇಪ್ಪತ್ತೂವರೆ ಸೆಂಟಿಮೀಟರ್ ಆಗಿ ಎ3 ಹಾಳೆಯಲ್ಲಿ ಸುಖವಾಗಿ ಕೂರುತ್ತದೆ. ಚೌಕದ ಮೇಲೆ ವೃತ್ತವನ್ನು ನಿಲ್ಲಿಸುವುದು ಹೇಗೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಕಟ್ಟಿದವರ ಉತ್ತರವನ್ನು ಕೈವಾರ ಹಿಡಿದು ಬಿಡಿಸಿದಾಗಲೇ ಅದು ನನಗೆ ಪೂರ್ತಿ ತಿಳಿದದ್ದು. ಚೌಕದ ಪ್ರತಿ ಬದಿಯಲ್ಲಿ ಎರಡೆರಡು ಬಿಂದುಗಳಂತೆ ಒಟ್ಟು ಎಂಟು ಬಿಂದುಗಳನ್ನು ಸಮ ಅಷ್ಟಭುಜವಾಗುವಂತೆ ಗುರುತಿಸಿ, ಒಂದನ್ನು ಬಿಟ್ಟು ಒಂದನ್ನು ಸೇರಿಸುತ್ತ ಹೋದರೆ, ಪರಸ್ಪರ 45 ಡಿಗ್ರಿ ತಿರುಗಿದ ಎರಡು ಚೌಕಗಳು ಒಂದರ ಮೇಲೊಂದು ಬಿದ್ದು ನಕ್ಷತ್ರದ ಆಕಾರ ಮೂಡುತ್ತದೆ. ಈ ಎಂಟು ಗೆರೆಗಳ ಮೇಲೆಯೇ ಎಂಟು ಕಮಾನುಗಳು ಎದ್ದು, ಒಂದನ್ನೊಂದು ಕತ್ತರಿಸುತ್ತ, ಮೇಲೆ ಹೋದಂತೆ ಒಳಕ್ಕೆ ಚಾಚಿ, ವೃತ್ತಾಕಾರದ ಜಗಲಿಯೊಂದನ್ನು ಹೊರುತ್ತವೆ. ಪಿಸುಮಾತೂ ಮಾರ್ದನಿಗೊಳ್ಳುತ್ತದೆಂದು ಪ್ರವಾಸಿಗರು ಚಪ್ಪಾಳೆ ತಟ್ಟಿ ಕೂಗಾಡುವುದು ಇದೇ ಜಗಲಿಯ ಮೇಲೆ.

ನಕ್ಷತ್ರದ ನಡುವೆ ಮೂಡಿದ ಒಳಗಿನ ಅಷ್ಟಭುಜಕ್ಕೆ ತಾಗುವ ವೃತ್ತವನ್ನು ಎಳೆದು ಅಳೆದೆ. ತ್ರಿಜ್ಯ ಸುಮಾರು 15.7 ಮೀಟರಿಗೆ ಸಮನಾಯಿತು. ಗುಮ್ಮಟದ ಒಳತ್ರಿಜ್ಯ 19. ಎಂದರೆ ಗುಮ್ಮಟದ ಗೋಡೆ ಜಗಲಿಯ ಒಳ ಅಂಚಿನ ಮೇಲಲ್ಲ, ಅದಕ್ಕಿಂತ ಮೂರು ಮೀಟರಿಗೂ ಹೆಚ್ಚು ಹಿಂದೆ ನಿಂತಿದೆ. ಆ ಅಂತರವೇ ಜನ ನಡೆದಾಡುವ ಜಗಲಿಯ ಅಗಲ. ಗುಮ್ಮಟ ಹೊರಕ್ಕೆ ಒತ್ತುತ್ತದೆ, ಒಳಕ್ಕೆ ಚಾಚಿಕೊಂಡ ಕಮಾನುಗಳ ರಾಶಿಯ ಭಾರ ಅದಕ್ಕೆ ಎದುರಾಗಿ ಒಳಕ್ಕೆ ಎಳೆಯುತ್ತದೆ, ಎರಡೂ ಸರಿದೂಗುತ್ತವೆ. ತರಗತಿಯಲ್ಲಿ ಬಲಗಳ ಸಮತೋಲನವನ್ನು ಪರೀಕ್ಷೆಗೆಂದು ಉರುಹೊಡೆದಿದ್ದೆ. ಇಲ್ಲಿ ಅದು ನಾನೇ ಎಳೆದ ಎರಡು ವೃತ್ತಗಳ ನಡುವಿನ ಜಾಗದಲ್ಲಿ ಕಾಣಿಸಿಕೊಂಡಿತು, ಮತ್ತು ಆ ಸಂಜೆ ಮೆಸ್ಸಿನ ಊಟದ ಹೊತ್ತು ಮೀರಿದ್ದೂ ನನಗೆ ಗೊತ್ತಾಗಲಿಲ್ಲ.

ಜನರೆದುರು ಕುಳಿತು ಬಿಡಿಸುವುದು ಬೇರೆಯದೇ ಅಭ್ಯಾಸ. ನಾಲ್ಕು ಜನ ನೋಡುತ್ತಿದ್ದರೆ ಗೆರೆ ನಡುಗುವ ಸ್ವಭಾವ ನನ್ನದು. ಆರಂಭದಲ್ಲಿ ಯಾರಾದರೂ ಹತ್ತಿರ ಬಂದರೆ ಹಾಳೆಯನ್ನು ಮಗುಚಿ ಹಾಕುತ್ತಿದ್ದೆ. ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದ ಹಿರಿಯರೊಬ್ಬರು ಒಮ್ಮೆ ಬೆನ್ನ ಹಿಂದೆ ನಿಂತು, ‘ಏನವ್ವಾ, ಗುಮ್ಮಟ ಅದರಾಗ ಎಲ್ಲಿ ಐತಿ? ಬರೇ ಗೆರಿ ಕಾಣಾಕತ್ತಾವ’ ಎಂದು ಕೇಳಿದರು. ಕಮಾನುಗಳನ್ನು ಬೆರಳಿನಿಂದ ತೋರಿಸುತ್ತ ಭಾರ ಹೇಗೆ ಇಳಿದು ಬರುತ್ತದೆಂದು ವಿವರಿಸಿದೆ. ಅವರು ತಲೆಯೆತ್ತಿ ಮೇಲೆ ನೋಡಿ, ಹಾಳೆ ನೋಡಿ, ಮತ್ತೆ ಮೇಲೆ ನೋಡಿ, ‘ಅಂದ್ರ ಇವು ಒಂದಕ್ಕೊಂದು ಹೆಗಲು ಕೊಟ್ಟಾವ ಅನ್ನು’ ಎಂದರು. ಅಂದಿನಿಂದ ಹಾಳೆ ಮಗುಚುವುದನ್ನು ಬಿಟ್ಟಿದ್ದೇನೆ. ಸೆಮಿನಾರಿನಲ್ಲಿ ಎರಡು ಮಾತಾಡಲು ಬೆವರುವ ನಾನು, ನನಗೆ ತಿಳಿದ ವಿಷಯವನ್ನು ಕೈಯಲ್ಲಿ ಹಿಡಿದುಕೊಂಡಿದ್ದರೆ ಅಪರಿಚಿತರೊಡನೆಯೂ ನಿರಾಯಾಸವಾಗಿ ಮಾತಾಡಬಲ್ಲೆ ಎಂಬುದು ನನಗೆ ಹೊಸ ಸುದ್ದಿ.

ಎರಡನೆಯ ಕಟ್ಟಡ ಇಬ್ರಾಹಿಂ ರೋಜಾ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಸಮಾಧಿ. ಗೋಳಗುಮ್ಮಟ ದೊಡ್ಡದು, ರೋಜಾ ಚೆಂದದ್ದು ಎಂಬುದು ಊರಿನ ಮಾತು. ಅಲ್ಲಿನ ಕಲ್ಲಿನ ಜಾಲಂದ್ರಗಳನ್ನೂ ಅಕ್ಷರ ಕೆತ್ತನೆಯನ್ನೂ ನೋಡಿದವರು ಅದನ್ನು ಅಲ್ಲಗಳೆಯಲಾರರು. ಚಿತ್ರಕಾರ್ತಿಯಾಗಿದ್ದರೆ ನಾನು ಅಲ್ಲೇ ಕರಗಬೇಕಿತ್ತು. ಆದರೆ ಒಂದು ಕಿಟಕಿಯ ಕೆತ್ತನೆಯನ್ನು ಬಿಡಿಸುತ್ತಿದ್ದಾಗ ಅರ್ಧಕ್ಕೇ ಆಕಳಿಕೆ ಬಂತು. ಸಮಾಧಿಯ ಕೋಣೆಯ ಒಳಹೊಕ್ಕು ಅದರ ಚಪ್ಪಟೆ ಕಲ್ಲಿನ ಛಾವಣಿಯನ್ನು ನೋಡಿದಾಗ ಮಾತ್ರ ಆಕಳಿಕೆ ಹಾರಿಹೋಯಿತು. ಕಂಬವಿಲ್ಲ, ತೊಲೆಯಿಲ್ಲ, ಕಲ್ಲಿಗೆ ಕಲ್ಲು ಅಂಚು ಹಚ್ಚಿ ನಿಂತಿದೆ. ಕೆತ್ತನೆಯನ್ನು ಅಲ್ಲಿಗೇ ಬಿಟ್ಟು ಉಳಿದ ಹೊತ್ತೆಲ್ಲ ಆ ಛಾವಣಿಯ ಅಂಚನ್ನೇ ಬಿಡಿಸಿದೆ. ಸೌಂದರ್ಯಕ್ಕೆ ಮಿಡಿಯದ ಮನಸ್ಸು ನನ್ನದೇನೋ ಎಂದು ಒಂದೆರಡು ದಿನ ಅಳುಕಾದದ್ದುಂಟು. ನನ್ನ ಮೆಚ್ಚುಗೆ ಹರಿಯುವುದು ‘ಇದು ಯಾಕೆ ಬೀಳುವುದಿಲ್ಲ’ ಎಂಬ ಕಡೆಗೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ ಎಂದು ಈಗ ಅನ್ನಿಸುತ್ತದೆ. ಮನೆಯವರು ಕಂಡ ಚಿತ್ರದ ಹುಚ್ಚು ಸುಳ್ಳಲ್ಲ, ಆದರೆ ಅದು ಯೋಚಿಸಲು ನಾನು ಹಿಡಿದ ಸಾಧನ.

ಸದ್ಯ ಗೋಳಗುಮ್ಮಟದ ತಲವಿನ್ಯಾಸ ಶಾಯಿಯಲ್ಲಿ ಮುಗಿದಿದೆ, ಕಟ್ಟಡವನ್ನು ನಡುವೆ ಸೀಳಿದಂತೆ ತೋರಿಸುವ ಸೀಳುನೋಟ ಪೆನ್ಸಿಲಿನಲ್ಲಿದೆ. ಬಸಾಲ್ಟ್ ಕಲ್ಲಿನ ಗೋಡೆಯಿಂದ ಇಟ್ಟಿಗೆ ಮತ್ತು ಗಾರೆಯ ಗುಮ್ಮಟಕ್ಕೆ ದಾಟುವ ಜಾಗವನ್ನು ತೋರಿಸಲು ಎರಡು ಬಗೆಯ ಗೆರೆಗಳನ್ನು ಪ್ರಯತ್ನಿಸುತ್ತಿದ್ದೇನೆ, ಇನ್ನೂ ಯಾವುದೂ ಒಪ್ಪಿಗೆಯಾಗಿಲ್ಲ. ಮುಂದಿನ ಹಾಳೆ ಜುಮ್ಮಾ ಮಸೀದಿಯದು, ಏಕೆಂದರೆ ಒಂದನ್ನೊಂದು ಕತ್ತರಿಸುವ ಈ ಕಮಾನುಗಳು ಅಲ್ಲಿನ ಗುಮ್ಮಟದ ಕೆಳಗೆ ಮೊದಲೇ, ಚಿಕ್ಕ ಅಳತೆಯಲ್ಲಿ ಬಂದಿವೆ. ಎರಡನ್ನೂ ಒಂದೇ ಪ್ರಮಾಣದಲ್ಲಿ ಪಕ್ಕಪಕ್ಕ ಇಟ್ಟು ನೋಡುವ ಆಸೆ. ಆಮೇಲೆ ಎರಡನೆಯ ಅಲಿ ಆದಿಲ್‌ಶಾಹನ ಬಾರಾ ಕಮಾನ್. ಅದು ಪೂರ್ತಿಯಾಗದೆ ಉಳಿದದ್ದರಿಂದ ಕಮಾನುಗಳು ಬರಿದಾಗಿ ನಿಂತಿವೆ, ನನ್ನಂಥವಳಿಗೆ ಅದು ಅನುಕೂಲವೇ. ಐಚ್ಛಿಕ ವಿಷಯದ ಅರ್ಜಿಯಲ್ಲಿ ಸ್ಟ್ರಕ್ಚರಲ್, ಅಂದರೆ ಕಟ್ಟಡಗಳು ಭಾರ ಹೊರುವ ಬಗೆಯ ಅಧ್ಯಯನ, ಎಂದು ಬರೆದುಕೊಟ್ಟಿದ್ದೇನೆ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, ‘ಚಿತ್ರ ಬಿಡತಿ ಏನು ಹಂಗಾರ?’ ಎಂದು ಕೇಳಿದರು. ದೀಪಾವಳಿಗೆ ಊರಿಗೆ ಹೋಗುವಾಗ ತಲವಿನ್ಯಾಸದ ಹಾಳೆಯನ್ನು ಅವರಿಗೆ ತೋರಿಸಲು ಒಯ್ಯುತ್ತೇನೆ.