ರೊಕ್ಕ ಬರತೈತೋ ಇಲ್ಲೋ?

ಬಾಗಲಕೋಟೆ ನವನಗರದ ಚಹಾದಂಗಡಿ. ಪಕ್ಕ ಕೂತಿದ್ದ ಹಿರಿಯರು ಒಂದು ಕಾಗದ ಕೊಟ್ಟು, "ತಮ್ಮಾ, ಏನಂತ ಬರದಾರ ನೋಡು" ಅಂದರು.

ಓದಿದೆ. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಉಲ್ಲೇಖಿತ ಪತ್ರದನ್ವಯ ಸೂಕ್ತ ಕ್ರಮದ ಬಗ್ಗೆ ಪರಿಶೀಲಿಸಲಾಗುತ್ತಿದೆ."

"ಅಂದ್ರ ರೊಕ್ಕ ಬರತೈತೋ ಇಲ್ಲೋ?"

ನಾನೇನು ಹೇಳಲಿ!

ಇಂಥ ಬರಹಕ್ಕೆ ಇಂಗ್ಲಿಷಿನಲ್ಲಿ ಗಾಬಲ್‌ಡಿಗೂಕ್ ಅಂತಾರೆ. ಕೇಳೋಕೆ ಭಾರೀ ಗತ್ತು, ಒಳಗೆ ಬರೀ ಗಾಳಿ. 1944ರಲ್ಲಿ ಈ ಪದ ಚಾಲ್ತಿಗೆ ತಂದವರು ಟೆಕ್ಸಾಸ್‌ನ ರಾಜಕಾರಣಿ ಮೌರಿ ಮಾವೆರಿಕ್. ಯುದ್ಧಕಾಲದ ಒಂದು ಸರ್ಕಾರಿ ಸಂಸ್ಥೆಗೆ ಅವರೇ ಮುಖ್ಯಸ್ಥರು. ದಿನಾ ಇಂಥ ಕಾಗದ ಓದಿ ಓದಿ ತಲೆ ಕೆಟ್ಟಿತ್ತು. ಟರ್ಕಿ ಕೋಳಿ ಎದೆ ಉಬ್ಬಿಸಿಕೊಂಡು ಗಾಬಲ್ ಗಾಬಲ್ ಅಂತ ಓಡಾಡುತ್ತಲ್ಲ, ಅದೇ ನೆನಪಾಯಿತಂತೆ. 'ಇಂಪ್ಲಿಮೆಂಟೇಷನ್' ಅಂತ ಬರೆದವರಿಗೆ ಗುಂಡು ಹೊಡೀತೀನಿ ಅಂತಾನೂ ಸುತ್ತೋಲೆ ಕಳಿಸಿದ್ದರು! ತಮಾಷೆಗೇ ಬಿಡಿ.

ಪದ ಕೊಡೋದು ಆ ಮನೆತನದ ಚಾಳಿ ಅನ್ಸುತ್ತೆ. ಅವರಜ್ಜ ಸ್ಯಾಮ್ಯುಯೆಲ್ ಮಾವೆರಿಕ್ ತಮ್ಮ ದನಗಳಿಗೆ, ಒಡೆಯ ಯಾರು ಅಂತ ತೋರಿಸೋ ಮುದ್ರೆ ಒತ್ತಿಸ್ತಿರಲಿಲ್ಲ. ಮುದ್ರೆ ಇಲ್ಲದ ದನಕ್ಕೆ ಮಾವೆರಿಕ್ ಅಂತ ಹೆಸರಾಯಿತು. ಆಮೇಲೆ, ಯಾರ ಹಿಂಡಿಗೂ ಸೇರದ ಮನುಷ್ಯರಿಗೂ ಅದೇ ಹೆಸರು.